ಅಚ್ಚಿನ ದೋಷವೋ, ಎರಕದ ದೋಷವೋ? ಸಿಲಿಕೋನ್ ಅಚ್ಚು ಮತ್ತು ರೆಸಿನ್ ಬಿಡಿಭಾಗಗಳ ದೋಷ ನಿವಾರಣೆ

ಕಳೆದ ಜುಲೈನಲ್ಲಿ ಮೀಟರ್ ಗೇಜ್ ಗೂಡ್ಸ್ ವ್ಯಾಗನ್ನಿನ ಪುಟ್ಟ ಮಾದರಿಯೊಂದಕ್ಕೆ ಆಕ್ಸಲ್ ಬಾಕ್ಸ್‌ಗಳನ್ನು, ಅಂದರೆ ಚಕ್ರಗಳ ಆಕ್ಸಲ್ ತುದಿ ಕೂರುವ ಪೆಟ್ಟಿಗೆಗಳನ್ನು, ಎರಕ ಹೊಯ್ಯುತ್ತಿದ್ದೆ. ಅಳತೆ 1:87, ಅಂದರೆ ನಿಜವಾದದ್ದಕ್ಕಿಂತ 87 ಪಟ್ಟು ಚಿಕ್ಕದು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಂಡಿಗಳ ಪಕ್ಕ ಕುಳಿತು ತೆಗೆದ ಫೋಟೊಗಳನ್ನು ನೋಡಿಕೊಂಡು ಪ್ಲಾಸ್ಟಿಕ್ ಹಾಳೆಯಲ್ಲಿ ಮೂಲಮಾದರಿ ಕೊರೆದಿದ್ದೆ. ತೊಗರಿಬೇಳೆಗಿಂತ ಚಿಕ್ಕದಾದ ವಸ್ತು. ಮೂಲಮಾದರಿಯ ಮೇಲೆ ಸಿಲಿಕೋನ್ ರಬ್ಬರ್ ಹೊಯ್ದು ಅಚ್ಚು ಮಾಡುವುದು, ಆ ಅಚ್ಚಿಗೆ ರೆಸಿನ್ ಎಂಬ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್ ಹೊಯ್ದು ಎರಕ ತೆಗೆಯುವುದು, ಇಷ್ಟೇ ಕೆಲಸ. ಹನ್ನೆರಡು ಎರಕ ಹೊಯ್ದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಮುಚ್ಚಳದ ಬಲ ಮೂಲೆಯಲ್ಲಿ ಗಸಗಸೆ ಕಾಳಿನ ಅರ್ಧದಷ್ಟು ಮಣಿಯೊಂದು ಕುಳಿತಿತ್ತು. ಅರ್ಧ ಮಿಲಿಮೀಟರ್ ಇರಬಹುದು. ಆದರೆ ಅದನ್ನು 87ರಿಂದ ಗುಣಿಸಿದರೆ 43.5 ಮಿ.ಮೀ. ಆಗುತ್ತದೆ. ನಿಜವಾದ ವ್ಯಾಗನ್ನಿನ ಆಕ್ಸಲ್ ಬಾಕ್ಸ್ ಮೇಲೆ ಒಂದು ನಿಂಬೆಹಣ್ಣನ್ನು ಅಂಟಿಸಿಟ್ಟರೆ ಹೇಗೆ ಕಾಣುತ್ತದೆಯೋ ಹಾಗೆ.

ಮೊದಲು ರೆಸಿನ್ ಬದಲಿಸಿದೆ. ಮಣಿ ಹೋಗಲಿಲ್ಲ. ಆಮೇಲೆ ಹೊಯ್ಯುವ ವೇಗ ಕಡಿಮೆ ಮಾಡಿದೆ. ಆಗಲೂ ಹೋಗಲಿಲ್ಲ. ಕೊನೆಗೆ ಹನ್ನೆರಡನ್ನೂ ಕಪ್ಪು ಕಾಗದದ ಮೇಲೆ, ಹೊಯ್ದ ಕ್ರಮದಲ್ಲೇ ಸಾಲಾಗಿ ಜೋಡಿಸಿ ನೋಡಿದೆ. ಹನ್ನೆರಡರಲ್ಲೂ ಅದೇ ಮೂಲೆ, ಅದೇ ಮಣಿ. ರೆಸಿನ್‌ಗೆ ನೆನಪಿನ ಶಕ್ತಿ ಇಲ್ಲ, ಅಚ್ಚಿಗೆ ಇದೆ. ದೋಷ ಹನ್ನೆರಡು ಸಲವೂ ಒಂದೇ ಜಾಗಕ್ಕೆ ಬಂತೆಂದರೆ ಅದು ಅಚ್ಚಿನಲ್ಲೇ ಹುಟ್ಟಿದೆ ಎಂದರ್ಥ. ಈ ಕೆಲಸದಲ್ಲಿ ದೋಷ ಹುಟ್ಟುವುದು ಒಂದು ಕಡೆ, ಕಣ್ಣಿಗೆ ಬೀಳುವುದು ಇನ್ನೊಂದು ಕಡೆ. ಮೂಲಮಾದರಿಯಲ್ಲಿ ಮಾಡಿದ ತಪ್ಪು ಅಚ್ಚಿನಲ್ಲಿ ಕಾಣುತ್ತದೆ, ಅಚ್ಚಿನ ತಪ್ಪು ಎರಕದಲ್ಲಿ ಕಾಣುತ್ತದೆ, ಎರಕದ ತಪ್ಪು ಬಣ್ಣ ಬಳಿದ ಮೇಲೆ ಎದ್ದು ಬರುತ್ತದೆ. ಹಾಗಾಗಿ ಮುಂದೆ ಹೇಳುವುದೆಲ್ಲ ಹಿಂದಕ್ಕೆ ಹೆಜ್ಜೆ ಹಾಕುವ ವಿಧಾನ.

ಎರಕಗಳನ್ನು ಸಾಲಾಗಿ ಇಟ್ಟು ನೋಡುವುದು

ಯಾವ ಔಷಧಕ್ಕೂ ಮೊದಲು ಈ ಪರೀಕ್ಷೆ. ಒಂದೇ ಅಚ್ಚಿನಿಂದ ಬಂದ ಕನಿಷ್ಠ ನಾಲ್ಕು ಎರಕಗಳಿಗೆ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಸಂಖ್ಯೆ ಬರೆದು ಸಾಲಾಗಿ ಇಡಿ. ಒಂದೇ ಒಂದು ಎರಕ ನೋಡಿ ತೀರ್ಮಾನ ಮಾಡಬೇಡಿ.

ಮೇಲಕ್ಕೆ ಉಬ್ಬಿದ ಮಣಿ ಪ್ರತಿ ಎರಕದಲ್ಲೂ ಒಂದೇ ಜಾಗದಲ್ಲಿದ್ದರೆ, ಸಿಲಿಕೋನ್ ಹೊಯ್ಯುವಾಗ ಮೂಲಮಾದರಿಗೆ ಅಂಟಿಕೊಂಡಿದ್ದ ಗಾಳಿಗುಳ್ಳೆ ಅಚ್ಚಿನಲ್ಲಿ ಕುಳಿಯಾಗಿ ಉಳಿದಿದೆ. ರೆಸಿನ್ ಆ ಕುಳಿಯನ್ನು ತುಂಬಿ ಮಣಿಯಾಗುತ್ತದೆ. ಸಮತಟ್ಟಾದ ಜಾಗದಲ್ಲಿದ್ದರೆ ಬ್ಲೇಡಿನಿಂದ ಕೆತ್ತಿ ತೆಗೆಯಬಹುದು. ರಿವೆಟ್ ಸಾಲಿನ ನಡುವೆ ಇದ್ದರೆ ಅಚ್ಚನ್ನು ಹೊಸದಾಗಿ ಮಾಡುವುದೇ ಸರಿ.

ಒಳಕ್ಕೆ ಇಳಿದ ಗುಂಡಿಯ ಕಥೆ ಬೇರೆ. ಗುಂಡಿ ಎಂದರೆ ರೆಸಿನ್ ತಲುಪದ ಜಾಗ. ಅದು ಪ್ರತಿಸಲವೂ ಒಂದೇ ಮೂಲೆಯಲ್ಲಿ ಬಂದರೆ ಗಾಳಿ ಅಲ್ಲಿ ಸಿಕ್ಕಿಬಿದ್ದಿದೆ, ಹೊರಹೋಗಲು ದಾರಿ ಇಲ್ಲ. ಅಚ್ಚನ್ನು ಇಟ್ಟ ಭಂಗಿಯಲ್ಲಿ ಆ ಮೂಲೆ ಮೇಲ್ಗಡೆ ಇದೆಯೇ ನೋಡಿ. ಬಹುತೇಕ ಇರುತ್ತದೆ. ಅಲ್ಲಿಂದ ಅಚ್ಚಿನ ಮೇಲ್ಮೈವರೆಗೆ ಒಂದು ಗಾಳಿಕಿಂಡಿ ಕೊರೆಯಿರಿ, ಇಲ್ಲವೇ ಅಚ್ಚನ್ನು ಓರೆಯಾಗಿ ನಿಲ್ಲಿಸಿ ಹೊಯ್ದು ಆಮೇಲೆ ನೆಟ್ಟಗೆ ಮಾಡಿ. ಗುಂಡಿಗಳು ಒಂದೊಂದು ಎರಕದಲ್ಲಿ ಒಂದೊಂದು ಕಡೆ ಅಲೆಯುತ್ತಿದ್ದರೆ ಅಚ್ಚು ನಿರ್ದೋಷಿ. ಕಲಸುವಾಗ ಸೇರಿದ ಗಾಳಿಯೋ, ತೇವವೋ ಕಾರಣ.

ಮೊದಲ ಹತ್ತು ಎರಕಗಳಲ್ಲಿ ಇಲ್ಲದ ಉಬ್ಬು ಹನ್ನೊಂದರಿಂದ ಶುರುವಾಗಿ ದಿನದಿನಕ್ಕೆ ದೊಡ್ಡದಾಗುತ್ತಿದ್ದರೆ ಅಲ್ಲಿ ಸಿಲಿಕೋನ್ ಹರಿದು ಚೂರು ಕಿತ್ತುಬಂದಿದೆ. ಅದಕ್ಕೆ ರಿಪೇರಿ ಇಲ್ಲ.

ಸಿಲಿಕೋನ್ ಗಟ್ಟಿಯಾಗುತ್ತಿಲ್ಲ

ಹೆಚ್ಚು ಜನರ ಹಣ ಹಾಳಾಗುವುದು ಇಲ್ಲಿಯೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ನಾವು ಬಳಸುವ ಸಿಲಿಕೋನ್‌ಗಳಲ್ಲಿ ಎರಡು ಕುಲ. ಒಂದು ತವರದ ಸಂಯುಕ್ತದಿಂದ ಗಟ್ಟಿಯಾಗುವ ಟಿನ್ ಸಿಲಿಕೋನ್. ಅಗ್ಗ, ಬಹುತೇಕ ಎಲ್ಲ ಮೇಲ್ಮೈಗಳನ್ನೂ ಸಹಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ನೂರು ಗ್ರಾಂಗೆ ಎರಡರಿಂದ ಐದು ಗ್ರಾಂ ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೀಳುತ್ತದೆ. ಇನ್ನೊಂದು ಪ್ಲಾಟಿನಂ ಸಿಲಿಕೋನ್. ದುಬಾರಿ, ಆದರೆ ಬಹುತೇಕ ಕುಗ್ಗುವುದೇ ಇಲ್ಲ. ಇದು ಸಾಮಾನ್ಯವಾಗಿ ಸಮಸಮ ಅಥವಾ ಹತ್ತಕ್ಕೊಂದು ಪ್ರಮಾಣದಲ್ಲಿ ಬರುತ್ತದೆ. ಗಂಧಕ, ತವರ, ಅಮೈನ್ (ಸಾರಜನಕವಿರುವ ಒಂದು ಬಗೆಯ ರಾಸಾಯನಿಕ) ಇವುಗಳಲ್ಲಿ ಯಾವುದರ ಸೋಂಕು ತಗುಲಿದರೂ ಪ್ಲಾಟಿನಂ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ನಿಮ್ಮ ಡಬ್ಬಿಯಲ್ಲಿರುವುದು ಯಾವ ಕುಲದ್ದು ಎಂದು ತಿಳಿಯದೆ ಮುಂದಿನ ಒಂದು ಹೆಜ್ಜೆಯನ್ನೂ ಇಡಬೇಡಿ.

ಈಗ ಅಂಟು ಎಲ್ಲಿದೆ ಎಂದು ಬೆರಳಿಟ್ಟು ನೋಡಿ. ಅಚ್ಚಿನ ಹೊರಮೈ ರಬ್ಬರಿನಂತೆ ಗಟ್ಟಿಯಾಗಿದೆ, ಮೂಲಮಾದರಿಗೆ ತಾಗಿದ ಒಳಪದರ ಮಾತ್ರ ಜೇನುತುಪ್ಪದಂತೆ ಹರಿಯುತ್ತಿದೆ ಎಂದಾದರೆ ಮೇಲ್ಮೈ ಸೋಂಕು ಖಚಿತ. ತ್ರೀಡಿ ಪ್ರಿಂಟರಿನಲ್ಲಿ ರೆಸಿನ್‌ನಿಂದ ಮುದ್ರಿಸಿದ ಮೂಲಮಾದರಿಯ ಮೇಲೆ ಪ್ಲಾಟಿನಂ ಸಿಲಿಕೋನ್ ಹೊಯ್ದಾಗ ನನಗೆ ಆದದ್ದು ಇದೇ. ಬೆಳಿಗ್ಗೆ ಅಚ್ಚಿನ ಪೆಟ್ಟಿಗೆ ಬಿಚ್ಚಿದೆ. ಹೊರಗಡೆ ಅಚ್ಚುಕಟ್ಟು. ಎರಡು ಹೋಳು ಮಾಡಿದ ಕೂಡಲೇ ಮಾದರಿಯ ಮೇಲೆ ಒಂದು ಮಿಲಿಮೀಟರ್ ದಪ್ಪದ ಲೋಳೆ. ಬೆರಳಿನಿಂದ ಎಳೆದರೆ ಹಲಸಿನ ಮೇಣದಂತೆ ನೂಲು ಬರುತ್ತಿತ್ತು. ಇನ್ನೆರಡು ದಿನ ಕಾದರೆ ಸರಿಯಾದೀತು ಎಂದು ಅನೇಕರು ಕಾಯುತ್ತಾರೆ. ಆಗುವುದಿಲ್ಲ. ಸೋಂಕು ತಗುಲಿದ ಪದರ ತಿಂಗಳಾದರೂ ಹಾಗೆಯೇ ಇರುತ್ತದೆ.

ಮುದ್ರಿತ ಮಾದರಿಯನ್ನು ಚೆನ್ನಾಗಿ ತೊಳೆದು, ನೇರಳಾತೀತ ಬೆಳಕಿನಲ್ಲಿ ಪೂರ್ತಿ ಗಟ್ಟಿಗೊಳಿಸಿ, ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟು, ಮೇಲೆ ಪಾರದರ್ಶಕ ಅಕ್ರಿಲಿಕ್ ಸ್ಪ್ರೇಯ ತೆಳುವಾದ ಎರಡು ಕೋಟು ಕೊಟ್ಟರೆ ಬಹುಪಾಲು ಪಾರಾಗಬಹುದು. ಬಹುಪಾಲು ಎಂದೆ, ಖಚಿತ ಎನ್ನಲಿಲ್ಲ. ಖಚಿತ ಬೇಕಿದ್ದರೆ ಮಾದರಿಯ ಬುಡದಲ್ಲಿ ಕಣ್ಣಿಗೆ ಬೀಳದ ಜಾಗಕ್ಕೆ ಒಂದು ಹನಿ ಸಿಲಿಕೋನ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ನೋಡಿ. ಐದು ಗ್ರಾಂನಲ್ಲಿ ಮುಗಿಯುವ ಪರೀಕ್ಷೆ ಐನೂರು ಗ್ರಾಂ ಉಳಿಸುತ್ತದೆ. ಅದಕ್ಕೂ ಪುರುಸೊತ್ತಿಲ್ಲದಿದ್ದರೆ ಮುದ್ರಿತ ಮಾದರಿಗೆ ಟಿನ್ ಸಿಲಿಕೋನ್ ಬಳಸಿ.

ಸೋಂಕಿನ ಇನ್ನೆರಡು ಮೂಲಗಳು ಯಾರ ಗಮನಕ್ಕೂ ಬರುವುದಿಲ್ಲ. ಒಂದು, ಎರಡು ಹೋಳಿನ ಅಚ್ಚು ಮಾಡುವಾಗ ಮಾದರಿಯ ಅರ್ಧಭಾಗ ಹೂಳಲು ಬಳಸುವ ಮಾಡೆಲಿಂಗ್ ಕ್ಲೇ. ಅನೇಕ ಎಣ್ಣೆಜೇಡಿಗಳಲ್ಲಿ ಗಂಧಕ ಇರುತ್ತದೆ. ಹೀಗಾದಾಗ ಅಂಟು ಕ್ಲೇ ತಾಗಿದ ಕೂಡುಗೆರೆಯ, ಅಂದರೆ ಎರಡು ಹೋಳು ಸೇರುವ ಗೆರೆಯ, ಉದ್ದಕ್ಕೂ ಇರುತ್ತದೆ, ಮಾದರಿಯ ಮೇಲೆ ಇರುವುದಿಲ್ಲ. ಎರಡನೆಯದು ಕೈಗವಸು. ಲ್ಯಾಟೆಕ್ಸ್ ಕೈಗವಸು ಹಾಕಿಕೊಂಡು ಮಾದರಿಯನ್ನು ಮುಟ್ಟಿದರೂ ಸಾಕು, ಬೆರಳಚ್ಚಿನ ಆಕಾರದಲ್ಲೇ ಅಂಟು ಮೂಡಬಹುದು. ನೈಟ್ರೈಲ್ ಕೈಗವಸು ಬಳಸಿ. ಟಿನ್ ಸಿಲಿಕೋನ್ ಕಲಸಿದ ಕಡ್ಡಿಯನ್ನು ಪ್ಲಾಟಿನಂ ಡಬ್ಬಿಗೆ ಅದ್ದಿದರೂ ಅದೇ ಗತಿ.

ಅಂಟು ಒಳಗೂ ಹೊರಗೂ ಅಲ್ಲಲ್ಲಿ ತೇಪೆ ತೇಪೆಯಾಗಿ ಕಂಡರೆ ಅದು ಸೋಂಕಲ್ಲ, ಕಲಸಿದ್ದು ಸಾಲದು. ಲೋಟದ ತಳದ ಮೂಲೆಯಲ್ಲಿ ಹಾರ್ಡನರ್ ಸೇರದ ಸಿಲಿಕೋನ್ ಉಳಿದಿರುತ್ತದೆ. ಕೊನೆಗೆ ಲೋಟ ಕೆರೆದು ಹಾಕಿದಾಗ ಅದು ಅಚ್ಚಿಗೆ ಬೀಳುತ್ತದೆ. ಒಂದು ಲೋಟದಲ್ಲಿ ಕಲಸಿ, ಎರಡನೇ ಲೋಟಕ್ಕೆ ಸುರಿದು, ಹೊಸ ಕಡ್ಡಿಯಿಂದ ಮತ್ತೆ ಕಲಸಿ. ಮೊದಲ ಲೋಟವನ್ನು ಕೆರೆಯಬೇಡಿ.

ಇಡೀ ಅಚ್ಚು ಒಂದೇ ಸಮನೆ ಮೆದುವಾಗಿದ್ದರೆ ತೂಕದ ತಪ್ಪು. ಆಕ್ಸಲ್ ಬಾಕ್ಸ್‌ನಂತಹ ಚಿಕ್ಕ ಅಚ್ಚಿಗೆ 40 ಗ್ರಾಂ ಟಿನ್ ಸಿಲಿಕೋನ್ ಸಾಕು. ಮೂರು ಶೇಕಡಾ ಹಾರ್ಡನರ್ ಎಂದರೆ 1.2 ಗ್ರಾಂ. ಅಡುಗೆಮನೆಯ ತಕ್ಕಡಿ ಒಂದೊಂದು ಗ್ರಾಂ ಮಾತ್ರ ತೋರಿಸುತ್ತದೆ. ಅದರ ಪರದೆಯಲ್ಲಿ ‘1’ ಎಂದಿರುವಾಗ ನಿಜವಾಗಿ ಬಿದ್ದಿರುವುದು ಅರ್ಧ ಗ್ರಾಂ ಇರಬಹುದು, ಒಂದೂವರೆ ಗ್ರಾಂ ಇರಬಹುದು. ಅರ್ಧ ಗ್ರಾಂ ಬಿದ್ದರೆ ಅಚ್ಚು ಗಟ್ಟಿಯಾಗದು. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಕೊಳ್ಳಿ. ನನ್ನ ಮಟ್ಟಿಗೆ ಇದು ಈ ಹವ್ಯಾಸದ ಮೊದಲ ಉಪಕರಣ. ಗಾಳಿಯನ್ನು ಹೊರಗೆಳೆದು ಗುಳ್ಳೆ ತೆಗೆಯುವ ವ್ಯಾಕ್ಯೂಮ್ ಪಂಪು ಆಮೇಲಿನ ಮಾತು. ಹನಿ ಲೆಕ್ಕದಲ್ಲಿ ಹಾರ್ಡನರ್ ಹಾಕುವವರ ಕೈ ಎಷ್ಟೇ ಪಳಗಿದ್ದರೂ ಹೊಸ ಬಾಟಲಿಯ ಮೂತಿ ಬದಲಾದ ದಿನ ಲೆಕ್ಕ ತಪ್ಪುತ್ತದೆ.

ಗಟ್ಟಿಯಾಗದ ಸಿಲಿಕೋನ್‌ನಿಂದ ಮಾದರಿಯನ್ನು ಉಳಿಸಿಕೊಳ್ಳಲು ಮೊದಲು ಒಣಬಟ್ಟೆಯಿಂದ ಆದಷ್ಟು ಒರೆಸಿ ತೆಗೆದು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಥಿನ್ನರ್ ಮುಟ್ಟಬೇಡಿ, ಪ್ಲಾಸ್ಟಿಕ್ ಹಾಳೆ ಕರಗುತ್ತದೆ.

ರೆಸಿನ್ ನೊರೆಯಾಗುತ್ತಿದೆ

ಹೊಯ್ದ ಐದು ನಿಮಿಷಕ್ಕೆ ರೆಸಿನ್ ಅಚ್ಚಿನ ಬಾಯಿಂದ ಇಡ್ಲಿಹಿಟ್ಟಿನಂತೆ ಉಕ್ಕಿ ಬಂದರೆ, ಮುರಿದು ನೋಡಿದಾಗ ಒಳಗೆಲ್ಲ ರಸ್ಕಿನಂತೆ ರಂಧ್ರಗಳಿದ್ದರೆ, ಅದು ಕಲಸುವಾಗ ಸೇರಿದ ಗಾಳಿಯಲ್ಲ. ನೀರು.

ಬೇಗ ಗಟ್ಟಿಯಾಗುವ ಪಾಲಿಯುರೆಥೇನ್ ರೆಸಿನ್‌ನ ಎರಡು ಬಾಟಲಿಗಳಲ್ಲಿ ಒಂದರಲ್ಲಿ ಪಾಲಿಯಾಲ್, ಇನ್ನೊಂದರಲ್ಲಿ ಐಸೊಸಯನೇಟ್ ಇರುತ್ತದೆ. ಇವೆರಡೂ ಒಂದಕ್ಕೊಂದು ಸೇರಿ ಗಟ್ಟಿಯಾಗಬೇಕು. ಆದರೆ ನೀರು ಸಿಕ್ಕರೆ ಐಸೊಸಯನೇಟ್ ಅದರೊಂದಿಗೂ ಕೂಡುತ್ತದೆ, ಕೂಡಿ ಕಾರ್ಬನ್ ಡೈ ಆಕ್ಸೈಡ್ ಬಿಡುತ್ತದೆ. ಸ್ಪಂಜಿನ ಹಾಸಿಗೆ ತಯಾರಿಸಲು ಇದೇ ಕ್ರಿಯೆಯನ್ನು ಬೇಕೆಂದೇ ಬಳಸುತ್ತಾರೆ. ನಮಗೆ ಅದು ಬೇಡ. ಮಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಮಳೆಗಾಲದ ಗಾಳಿಯಲ್ಲಿ ಬಾಟಲಿಯ ಮುಚ್ಚಳ ಹತ್ತು ನಿಮಿಷ ತೆರೆದಿಟ್ಟರೂ ಪಾಲಿಯಾಲ್ ನೀರನ್ನು ಹೀರಿಕೊಳ್ಳತೊಡಗುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ನಡೆದ ಅದೇ ಬಾಟಲಿ ಆಗಸ್ಟ್‌ನಲ್ಲಿ ನೊರೆ ಬಂದರೆ ಮಾರಿದವರನ್ನು ದೂರುವ ಮೊದಲು ಈ ಪರೀಕ್ಷೆ ಮಾಡಿ.

ಒಣಗಿದ ಪ್ಲಾಸ್ಟಿಕ್ ಲೋಟದಲ್ಲಿ ಐದೈದು ಗ್ರಾಂ ಕಲಸಿ. ಅರ್ಧವನ್ನು ಅದೇ ಲೋಟದಲ್ಲಿ ಬಿಡಿ, ಉಳಿದರ್ಧ ಅಚ್ಚಿಗೆ ಹೊಯ್ಯಿರಿ. ಎರಡೂ ನೊರೆಯಾದರೆ ಬಾಟಲಿಯಲ್ಲೇ ತೇವ ಸೇರಿದೆ. ಲೋಟದ್ದು ಗಾಜಿನಂತೆ ಗಟ್ಟಿಯಾಗಿ, ಅಚ್ಚಿನದು ಮಾತ್ರ ನೊರೆಯಾದರೆ ತೇವ ಅಚ್ಚಿನಲ್ಲಿದೆ. ನಿನ್ನೆ ಅಚ್ಚನ್ನು ಸೋಪುನೀರಿನಲ್ಲಿ ತೊಳೆದಿದ್ದರೆ ಉತ್ತರ ಸಿಕ್ಕಿತು. 50ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಅಚ್ಚನ್ನು ಒಣಗಿಸಿ ಮತ್ತೆ ಹೊಯ್ದು ನೋಡಿ. ಆದರೆ ಊಟಕ್ಕೆ ಬಳಸುವ ಓವನ್ ಬೇಡ. ರಟ್ಟಿನ ಪೆಟ್ಟಿಗೆಯಲ್ಲಿ ಹೇರ್ ಡ್ರೈಯರ್‌ನ ಬಿಸಿಗಾಳಿಯೂ ಸಾಕಾಗುತ್ತದೆ.

ಕಾಗದದ ಲೋಟ ಮತ್ತು ಐಸ್‌ಕ್ರೀಮ್ ಕಡ್ಡಿ ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ. ಇವುಗಳ ಬದಲು ಪಾಲಿಪ್ರೊಪಿಲೀನ್ ಲೋಟ, ಸ್ಟೀಲ್ ಚಮಚ. ಬಣ್ಣಕ್ಕೆಂದು ನೀರಿನ ಅಕ್ರಿಲಿಕ್ ಬಣ್ಣದ ಒಂದು ಹನಿ ಹಾಕಿದರೂ ನೊರೆ ಬರುತ್ತದೆ. ಐಸೊಸಯನೇಟ್ ಬಾಟಲಿಯ ಮೂತಿಯಲ್ಲಿ ಬಿಳಿ ಹೊಪ್ಪಳಿಕೆ ಕಟ್ಟಿದ್ದರೆ ಒಳಕ್ಕೆ ತೇವ ಹೋಗಿದೆ ಎಂಬ ಗುರುತು. ಹೊಪ್ಪಳಿಕೆಯನ್ನು ಒಳಕ್ಕೆ ಬೀಳಿಸದೆ ಒರೆಸಿ ತೆಗೆಯಿರಿ. ಬಾಟಲಿಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಫ್ರಿಜ್‌ನಲ್ಲಿ ಇಡಬೇಡಿ. ಹೊರತೆಗೆದು ಮುಚ್ಚಳ ತೆರೆದ ಕ್ಷಣ ತಣ್ಣನೆಯ ಬಾಟಲಿಯೊಳಗೆ ಗಾಳಿಯ ನೀರು ಮಂಜಿನಂತೆ ಕೂರುತ್ತದೆ. ಒಂದು ಸಲ ನೀರು ಕುಡಿದ ಪಾಲಿಯಾಲ್ ಅನ್ನು ಮನೆಯಲ್ಲಿ ಸರಿಪಡಿಸುವುದು ನಂಬಿಕೆಗೆ ಯೋಗ್ಯವಾದ ಕೆಲಸವಲ್ಲ. ಮಳೆಗಾಲಕ್ಕೆ ಮುಂಚೆ ದೊಡ್ಡ ಡಬ್ಬಿ ಕೊಳ್ಳದಿರುವುದೇ ಲೇಸು.

ಐಸೊಸಯನೇಟ್ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಒಮ್ಮೆ ಅದರ ಅಲರ್ಜಿ ಅಂಟಿಕೊಂಡರೆ ಆಮೇಲೆ ಚೂರು ಆವಿಗೂ ಉಬ್ಬಸ ಬರಬಹುದು. ಕಿಟಕಿ ತೆರೆದು, ಆವಿಗೆ ತಕ್ಕ ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಂಡೇ ಹೊಯ್ಯಿರಿ. ಬಟ್ಟೆಯ ಮಾಸ್ಕ್ ಇಲ್ಲಿ ಏನೂ ಮಾಡದು.

ಬೆಂಗಳೂರಿನ ವ್ಯಾಕ್ಯೂಮ್ ಗೇಜ್

ಗುಳ್ಳೆ ತೆಗೆಯಲು ವ್ಯಾಕ್ಯೂಮ್ ಪಾತ್ರೆ ಕೊಂಡವರಿಂದ ಪದೇ ಪದೇ ಕೇಳುವ ದೂರು ಒಂದಿದೆ: ಪಾದರಸದ 29 ಇಂಚು ಬರಬೇಕು ಎಂದು ಎಲ್ಲ ಕಡೆ ಹೇಳುತ್ತಾರೆ, ನನ್ನ ಮುಳ್ಳು 27ಕ್ಕೆ ನಿಲ್ಲುತ್ತದೆ, ಪಂಪು ಕೆಟ್ಟಿದೆ. ಕೆಲವರು ಪಂಪನ್ನು ವಾಪಸ್ ಕಳಿಸಿದ್ದೂ ಉಂಟು. ಪಂಪು ಕೆಟ್ಟಿಲ್ಲ. ಮುಳ್ಳಿನ ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕೂ ಒಳಗಿನದಕ್ಕೂ ಇರುವ ಅಂತರವನ್ನು. ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ ಪಾದರಸದ 760 ಮಿ.ಮೀ., ಅಂದರೆ ಸುಮಾರು 29.9 ಇಂಚು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡವೇ ಸುಮಾರು 680 ಮಿ.ಮೀ., 27 ಇಂಚಿನ ಆಸುಪಾಸು. ಒಳಗೆ ಒಂದು ಅಣುವೂ ಉಳಿಯದಂತೆ ಎಳೆದರೂ ಮುಳ್ಳು ಅದಕ್ಕಿಂತ ಮುಂದೆ ಹೋಗಲಾರದು. ಇನ್ನೂ ಎತ್ತರದ ಮಡಿಕೇರಿಯಲ್ಲಿ ಸುಮಾರು ಒಂದಿಂಚು ಹಿಂದೆಯೇ ನಿಲ್ಲುತ್ತದೆ. ಅದೇ ಪಂಪನ್ನು ಉಡುಪಿಗೆ ಒಯ್ದರೆ 29 ದಾಟಿಸಿ ತೋರಿಸುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ 26.5 ಬಂದರೆ ಸಂತೋಷಪಡಿ. 24ಕ್ಕೇ ನಿಂತರೆ ಮಾತ್ರ ಸೋರಿಕೆ ಹುಡುಕಿ. ಮುಚ್ಚಳದ ರಬ್ಬರ್ ಸುತ್ತ ಸೋಪಿನ ನೊರೆ ಹಚ್ಚಿ, ಎಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆಯೋ ಅಲ್ಲಿ ದೋಷವಿದೆ.

ಮುಳ್ಳನ್ನು ನಂಬುವುದಕ್ಕಿಂತ ಸಿಲಿಕೋನ್ ಅನ್ನೇ ನೋಡುವುದು ಮೇಲು. ಅದು ಮೂರ್ನಾಲ್ಕು ಪಟ್ಟು ಉಬ್ಬಿ, ಹಾಲು ಉಕ್ಕಿದಂತೆ ಮೇಲೇರಿ, ಇದ್ದಕ್ಕಿದ್ದಂತೆ ಕುಸಿಯಬೇಕು. ಕುಸಿದ ಮೇಲೆ ಎರಡು ನಿಮಿಷ ಬಿಟ್ಟು ಗಾಳಿ ಒಳಗೆ ಬಿಡಿ. ಉಬ್ಬಿದರೂ ಕುಸಿಯದಿದ್ದರೆ ಒತ್ತಡ ಸಾಕಷ್ಟು ಇಳಿದಿಲ್ಲ, ಇಲ್ಲವೇ ಸಿಲಿಕೋನ್ ಆಗಲೇ ಗಟ್ಟಿಯಾಗುತ್ತಿದೆ. ಲೋಟದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ.

ಪಂಪು ಇಲ್ಲದವರು ಎದೆಗುಂದಬೇಕಿಲ್ಲ. ಮೊದಲು ತೆಳುವಾದ ಬ್ರಷ್‌ನಿಂದ ಮಾದರಿಯ ಮೇಲೆಲ್ಲ ಸಿಲಿಕೋನ್ ಹಚ್ಚಿ, ಮೂಲೆಗಳಿಗೆ ಒತ್ತಿ. ಆಮೇಲೆ ಒಂದಡಿ ಎತ್ತರದಿಂದ ದಾರದಷ್ಟು ಸಣ್ಣ ಧಾರೆಯಾಗಿ, ಪೆಟ್ಟಿಗೆಯ ಒಂದೇ ಮೂಲೆಗೆ ಸುರಿಯಿರಿ. ಧಾರೆ ಸಣ್ಣದಾದಷ್ಟೂ ಒಳಗಿನ ಗುಳ್ಳೆ ಎಳೆದಾಡಿ ಒಡೆಯುತ್ತದೆ. ಸಿಲಿಕೋನ್ ತಾನಾಗಿ ಮಾದರಿಯ ಮೇಲೆ ಏರಲಿ. ನನ್ನ ನಿಂಬೆಹಣ್ಣಿನ ಮಣಿ ಹೋದದ್ದು ಈ ಬ್ರಷ್ಷಿನಿಂದಲೇ. ಹಳೆಯ ಅಚ್ಚನ್ನು ಬ್ಲೇಡಿನಿಂದ ಸೀಳಿ ನೋಡಿದಾಗ ಮುಚ್ಚಳದ ಅಂಚಿನ ಒಳಮೂಲೆಯಲ್ಲಿ, ಮೇಲಿನಿಂದ ಸುರಿದ ಸಿಲಿಕೋನ್ ಜಿಗಿದು ದಾಟಿದ ಜಾಗದಲ್ಲಿ, ದುಂಡನೆಯ ಕುಳಿ ಇತ್ತು.

ಒತ್ತಡದ ಪಾತ್ರೆ ತಂದ ಮೇಲೆ ಹೊಸ ಮಣಿಗಳು

ರೆಸಿನ್‌ನ ಗುಳ್ಳೆಗಳನ್ನು ತೆಗೆಯುವ ಬದಲು ಒತ್ತಿ ಚಿಕ್ಕದು ಮಾಡುವುದು ಇನ್ನೊಂದು ದಾರಿ. ಬೆಂಗಳೂರಿನ ಗಾಳಿಯ ಒತ್ತಡ ಸುಮಾರು 13 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ). ಅದರ ಮೇಲೆ 40 ಸೇರಿಸಿದರೆ ಒಟ್ಟು ಒತ್ತಡ ನಾಲ್ಕು ಪಟ್ಟಾಗುತ್ತದೆ, ಗುಳ್ಳೆಯ ಗಾತ್ರ ಕಾಲುಭಾಗಕ್ಕಿಳಿಯುತ್ತದೆ. ಆ ಒತ್ತಡದಲ್ಲೇ ರೆಸಿನ್ ಗಟ್ಟಿಯಾದರೆ ಗುಳ್ಳೆ ಹಾಗೆಯೇ ಉಳಿಯುತ್ತದೆ, ಕಣ್ಣಿಗೆ ಬೀಳುವುದು ಕಡಿಮೆ.

ಆದರೆ ಹೊರಗಿನ ಗಾಳಿಯಲ್ಲಿ ಚೊಕ್ಕಟವಾದ ಎರಕ ಕೊಡುತ್ತಿದ್ದ ಅಚ್ಚು ಒತ್ತಡದ ಪಾತ್ರೆಗೆ ಹೋದ ಕೂಡಲೇ ಮೈಯೆಲ್ಲ ರೋಮಾಂಚನವಾದಂತೆ ಸಣ್ಣ ಉಬ್ಬುಗಳ ಎರಕ ಕೊಡತೊಡಗಿದರೆ ಗಾಬರಿಯಾಗುತ್ತದೆ. ಇದರ ಕಾರಣ ಅಚ್ಚಿನ ಗೋಡೆಯೊಳಗಿದೆ. ಮೇಲ್ಮೈಯಿಂದ ಕೂದಲೆಳೆಯಷ್ಟು ಒಳಗೆ ಅವಿತಿದ್ದ ಗಾಳಿಗುಳ್ಳೆಗಳು ಒತ್ತಡಕ್ಕೆ ಕುಗ್ಗುತ್ತವೆ, ಅವುಗಳ ಮೇಲಿನ ಸಿಲಿಕೋನ್ ತಗ್ಗುತ್ತದೆ, ರೆಸಿನ್ ಆ ತಗ್ಗನ್ನು ತುಂಬುತ್ತದೆ. ಪಾತ್ರೆಯಿಂದ ತೆಗೆದ ಮೇಲೆ ಅಚ್ಚು ಮತ್ತೆ ನುಣುಪು, ಎರಕದಲ್ಲಿ ಮಾತ್ರ ಉಬ್ಬು. ಭೂತಗನ್ನಡಿಯಲ್ಲಿ ಅಚ್ಚನ್ನು ಎಷ್ಟು ನೋಡಿದರೂ ಕಾಣದು. ಪರೀಕ್ಷೆ ಸರಳ: ಅದೇ ಅಚ್ಚಿಗೆ ಒತ್ತಡವಿಲ್ಲದೆ ಒಂದು ಎರಕ ಹೊಯ್ಯಿರಿ. ಉಬ್ಬು ಮಾಯವಾದರೆ ಅಚ್ಚಿನೊಳಗೆ ಗುಳ್ಳೆಗಳಿವೆ. ಒತ್ತಡದಲ್ಲಿ ಬಳಸುವ ಅಚ್ಚಿನ ಸಿಲಿಕೋನ್ ಅನ್ನು ವ್ಯಾಕ್ಯೂಮ್‌ನಲ್ಲಿ ಎಳೆದಿರಬೇಕು, ಇಲ್ಲವೇ ಅಚ್ಚನ್ನೇ ಅದೇ ಒತ್ತಡದಲ್ಲಿ ಗಟ್ಟಿಗೊಳಿಸಿರಬೇಕು.

ಅಡುಗೆಯ ಪ್ರೆಷರ್ ಕುಕ್ಕರ್ ಅನ್ನು ಇದಕ್ಕೆ ಬಳಸಲು ಯಾರು ಹೇಳಿದರೂ ಕೇಳಬೇಡಿ. ಅದು ಕೆಲಸ ಮಾಡುವುದು ಸುಮಾರು 15 ಪಿಎಸ್‌ಐನಲ್ಲಿ. 40 ತುಂಬಿಸಿದರೆ ಅದು ಬಾಂಬು. ಬೇಕಾದ ಒತ್ತಡಕ್ಕೆಂದೇ ತಯಾರಾದ, ಸುರಕ್ಷತಾ ಕವಾಟವಿರುವ ಪಾತ್ರೆಯೇ ಬೇಕು.

ಎರಕ ಮೆದು, ಬಾಗಿದೆ, ಅಂಟು

ದಪ್ಪ ಭಾಗ ಗಟ್ಟಿ, ತೆಳು ಭಾಗ ರಬ್ಬರಿನಂತೆ ಬಾಗುತ್ತಿದ್ದರೆ ಪ್ರಮಾಣ ತಪ್ಪಿಲ್ಲ. ರೆಸಿನ್ ತನ್ನ ಶಾಖದಿಂದಲೇ ಪಕ್ವವಾಗುತ್ತದೆ. ಅರ್ಧ ಮಿ.ಮೀ. ದಪ್ಪದ ಮೆಟ್ಟಿಲು ಪಟ್ಟಿಯಲ್ಲಿ ಶಾಖ ನಿಲ್ಲುವುದಿಲ್ಲ, ಸಿಲಿಕೋನ್ ಅದನ್ನು ಹೀರಿಬಿಡುತ್ತದೆ. ಅಚ್ಚನ್ನು ಮೊದಲೇ ಬೆಚ್ಚಗೆ ಮಾಡಿ, ಎರಕವನ್ನು ಇನ್ನೊಂದು ಗಂಟೆ ಅಚ್ಚಿನಲ್ಲೇ ಬಿಡಿ. ಬೇಗ ಕಿತ್ತು ಬಾಗಿಹೋದ ಎರಕವನ್ನು ಬಿಸಾಡಬೇಕಿಲ್ಲ. ಕೈ ಸುಡುವಷ್ಟು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ, ಗಾಜಿನ ಮೇಲೆ ಒತ್ತಿಹಿಡಿದು, ಆರುವವರೆಗೆ ಕೈ ಬಿಡದಿದ್ದರೆ ನೆಟ್ಟಗಾಗುತ್ತದೆ.

ಪಾಲಿಯುರೆಥೇನ್ ಬದಲು ಎಪಾಕ್ಸಿ ರೆಸಿನ್ ಬಳಸುವವರಿಗೆ ಒಂದು ಮಾತು. ಡಬ್ಬಿಯ ಮೇಲೆ ‘2:1’ ಎಂದಿದ್ದರೆ ಅದು ಅಳತೆಯಲ್ಲೋ (ಮಿಲಿಲೀಟರ್ ಲೆಕ್ಕ) ತೂಕದಲ್ಲೋ ಎಂದು ಓದಿ. ಎರಡು ದ್ರವಗಳ ಸಾಂದ್ರತೆ ಬೇರೆ ಬೇರೆ. ಅಳತೆಯ ಪ್ರಮಾಣವನ್ನು ತಕ್ಕಡಿಯಲ್ಲಿ ತೂಗಿದರೆ ಹಾರ್ಡನರ್ ಹೆಚ್ಚುಕಡಿಮೆಯಾಗಿ ಎರಕ ಎಂದೆಂದಿಗೂ ಮೆದುವಾಗಿ ಉಳಿಯುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕುವುದೂ ಇದೇ ತಪ್ಪು. ಎಪಾಕ್ಸಿಯಲ್ಲಿ ಅದು ವೇಗ ಹೆಚ್ಚಿಸುವ ವಸ್ತುವಲ್ಲ, ಅರ್ಧ ಪಾಲುದಾರ. ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂತಹ ಜಿಡ್ಡು ಕಂಡರೆ ತೇವದ ಗಾಳಿಯಲ್ಲಿ ಹಾರ್ಡನರ್‌ನ ಅಮೈನ್ ಮೇಲಕ್ಕೆ ಬಂದು ಕುಳಿತದ್ದು. ಬೆಚ್ಚಗಿನ ಸೋಪುನೀರಿನಲ್ಲಿ ತೊಳೆದರೆ ಹೋಗುತ್ತದೆ. ತೊಳೆಯದೆ ಬಣ್ಣ ಬಳಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ಎರಡು ಹೋಳಿನ ಅಚ್ಚು

ಎರಡನೇ ಹೋಳು ಮೊದಲನೆಯದಕ್ಕೆ ಬೆಸೆದುಕೊಂಡು ಒಂದೇ ಗಡ್ಡೆಯಾದರೆ ನಡುವೆ ಬಿಡುಗಡೆ ಲೇಪ ಹಚ್ಚಿಲ್ಲ. ಸಿಲಿಕೋನ್‌ಗೆ ಬೇರೆ ಯಾವುದೂ ಸುಲಭಕ್ಕೆ ಅಂಟದು, ಸಿಲಿಕೋನ್ ಮಾತ್ರ ಚೆನ್ನಾಗಿ ಅಂಟುತ್ತದೆ. ವ್ಯಾಸಲೀನ್ ಅನ್ನು ಕಣ್ಣಿಗೆ ಕಾಣದಷ್ಟು ತೆಳುವಾಗಿ ಬ್ರಷ್‌ನಿಂದ ಹಚ್ಚಿ. ದಪ್ಪವಾದರೆ ಬ್ರಷ್ಷಿನ ಗೆರೆಗಳು ಎರಕದಲ್ಲಿ ಮೂಡುತ್ತವೆ.

ಎರಕದ ಎರಡು ಬದಿ ಒಂದಕ್ಕೊಂದು ಸರಿದಿದ್ದರೆ ಕೂಡುಗುಳಿಗಳು, ಅಂದರೆ ಎರಡು ಹೋಳುಗಳನ್ನು ಸರಿಯಾಗಿ ಕೂರಿಸುವ ಗುಳಿ-ಗುಬ್ಬಿಗಳು, ಸಡಿಲವಾಗಿವೆ. ಕೂಡುಗೆರೆಯಲ್ಲಿ ದಪ್ಪ ರೆಕ್ಕೆ ಬರುತ್ತಿದ್ದರೆ ಎಲ್ಲರೂ ಮಾಡುವುದು ಇನ್ನೆರಡು ರಬ್ಬರ್ ಬ್ಯಾಂಡ್ ಸುತ್ತುವುದು. ಅದರಿಂದ ಅಚ್ಚಿನ ಅಂಚು ಅಮುಕಿ, ನಡುಭಾಗ ಉಬ್ಬಿ ಇನ್ನೂ ಹೆಚ್ಚು ಬಾಯಿ ಬಿಡುತ್ತದೆ. ಎರಡೂ ಬದಿಗೆ ಪ್ಲೈವುಡ್ ಹಲಗೆ ಇಟ್ಟು ಆಮೇಲೆ ಬ್ಯಾಂಡ್ ಹಾಕಿ, ಹಲಗೆ ಸರಿಯದಷ್ಟು ಬಿಗಿ ಸಾಕು.

ಅಳತೆ ಕೂಡುತ್ತಿಲ್ಲ

ಆಕ್ಸಲ್ ಬಾಕ್ಸ್‌ನಲ್ಲಿ ಗೊತ್ತಾಗದ ದೋಷ ಬೋಗಿಯ ಛಾವಣಿಯಲ್ಲಿ ಗೊತ್ತಾಗುತ್ತದೆ. ಟಿನ್ ಸಿಲಿಕೋನ್ ಗಟ್ಟಿಯಾಗುವಾಗ ಆಲ್ಕೊಹಾಲ್ ಬಿಟ್ಟು ಕುಗ್ಗುತ್ತದೆ, ಕೆಲವು ದಿನಗಳವರೆಗೂ ಕುಗ್ಗುತ್ತಲೇ ಇರುತ್ತದೆ. ಅರ್ಧ ಶೇಕಡಾ ಎಂದಿಟ್ಟುಕೊಂಡರೂ 200 ಮಿ.ಮೀ. ಛಾವಣಿ ಒಂದು ಮಿ.ಮೀ. ಗಿಡ್ಡವಾಗುತ್ತದೆ, ಗೋಡೆಯ ತುದಿಯಲ್ಲಿ ಬಿರುಕು ಕಾಣುತ್ತದೆ. ರೆಸಿನ್ ಕುಗ್ಗುವುದು ಬೇರೆ ಸೇರುತ್ತದೆ. ಉದ್ದದ ಭಾಗಗಳಿಗೆ ಪ್ಲಾಟಿನಂ ಬಳಸಿ, ಇಲ್ಲವೇ ಮೂಲಮಾದರಿಯನ್ನೇ ಅಷ್ಟು ಉದ್ದ ಮಾಡಿ. ಎಷ್ಟು ಉದ್ದ ಎಂಬುದನ್ನು ಡಬ್ಬಿಯ ಕಾಗದದಿಂದ ಲೆಕ್ಕ ಹಾಕುವುದಕ್ಕಿಂತ, 100 ಮಿ.ಮೀ. ಉದ್ದದ ಒಂದು ಪಟ್ಟಿಯನ್ನು ಅಚ್ಚು ಮಾಡಿ, ಎರಕ ಹೊಯ್ದು, ವಾರದ ನಂತರ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದುಕೊಳ್ಳಿ. ನಿಮ್ಮ ಸಿಲಿಕೋನ್, ನಿಮ್ಮ ರೆಸಿನ್, ನಿಮ್ಮ ಕೋಣೆಯ ಹವೆ ಮೂರನ್ನೂ ಸೇರಿಸಿಕೊಂಡ ಸಂಖ್ಯೆ ಸಿಗುತ್ತದೆ.

ಪಾಲಿಯುರೆಥೇನ್ ಹೊಯ್ಯುವ ಅಚ್ಚು ಕೆಲವು ಡಜನ್ ಎರಕಗಳ ನಂತರ ಒಣಗಿ, ಹೊಳಪು ಕಳೆದುಕೊಂಡು, ಎರಕವನ್ನು ಕಚ್ಚಿಹಿಡಿಯತೊಡಗುತ್ತದೆ. ಐಸೊಸಯನೇಟ್ ಅದನ್ನು ಒಳಗಿಂದ ತಿನ್ನುತ್ತಿರುತ್ತದೆ. ಎರಕ ಬಿಡಿಸುವಾಗ ಸದ್ದು ಬರಲು ಶುರುವಾದರೆ, ಅಂದರೆ ಸಿಲಿಕೋನ್ ಸಿಪ್ಪೆ ಬಿಡಿಸಿದಂತೆ ‘ಚರ್’ ಎಂದರೆ, ಇನ್ನು ನಾಲ್ಕೈದು ಎರಕಗಳಷ್ಟೇ ಬಾಕಿ. ಆಗ ಒಳ್ಳೆಯ ಎರಕವೊಂದನ್ನೇ ಮೂಲಮಾದರಿ ಮಾಡಿಕೊಂಡು ಹೊಸ ಅಚ್ಚು ತೆಗೆಯುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಕುಗ್ಗಿದ್ದರ ಮೇಲೆ ಮತ್ತೆ ಕುಗ್ಗುತ್ತದೆ, ಎರಡನೇ ತಲೆಮಾರಿನ ಆಕ್ಸಲ್ ಬಾಕ್ಸ್ ಮೊದಲನೆಯದರ ಪಕ್ಕದಲ್ಲಿ ಚಿಕ್ಕದಾಗಿ ಕಾಣದಿದ್ದರೂ ಆಕ್ಸಲ್ ತುದಿ ಅದರ ತೂತಿನಲ್ಲಿ ಕೂರದೆ ಹೋಗಬಹುದು. ಮೊದಲ ಮೂಲಮಾದರಿಯನ್ನು ಹತ್ತಿಯಲ್ಲಿ ಸುತ್ತಿ, ಯಾವ ಅಚ್ಚು, ಯಾವ ಸಿಲಿಕೋನ್, ಎಷ್ಟು ಗ್ರಾಂ, ಯಾವ ತಿಂಗಳು ಎಂದು ಬರೆದ ಚೀಟಿಯೊಂದಿಗೆ ಡಬ್ಬಿಯಲ್ಲಿಡಿ. ನನ್ನ ಡಬ್ಬಿಯಲ್ಲಿ ಆಕ್ಸಲ್ ಬಾಕ್ಸ್‌ನ ಚೀಟಿಯ ಕೊನೆಯ ಸಾಲು ಹೀಗಿದೆ: ‘ಅಚ್ಚು 4, ಬ್ರಷ್ ಕೋಟು, 41.6 ಗ್ರಾಂ, ಹಾರ್ಡನರ್ 1.25, ಮುಚ್ಚಳದ ಮೂಲೆ ಶುದ್ಧ.’